ಅರಮನೆ ಕಾರಿನ ಮೈಕಟ್ಟಿಗೆ ರಸ್ತೆಯ ಒರೆಗಲ್ಲು

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ತಯಾರಾದ ಬೆಲೆಬಾಳುವ ಕಾರುಗಳನ್ನು ಇಂದು ಮೆರವಣಿಗೆಗಳಲ್ಲಿ ನೋಡುವವರು ಅವು ಒಂದೇ ಕಾರ್ಖಾನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದ ವಸ್ತುಗಳೆಂದು ಭಾವಿಸುವುದು ಸಹಜವಾದರೂ, ಅವುಗಳಲ್ಲಿ ಹೆಚ್ಚಿನವು ಪರಸ್ಪರ ದೂರವಿದ್ದ ಎರಡು ಕಸುಬುಗಳು ಕೂಡಿ ಹುಟ್ಟಿದ ವಾಹನಗಳು. ಉಕ್ಕಿನ ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬಂಧಿಸಿದ ಚೌಕಟ್ಟು, ಅದರ ಮೇಲಿನ ಎಂಜಿನ್, ಗೇರುಪೆಟ್ಟಿಗೆ, ಸ್ಪ್ರಿಂಗು, ಚಕ್ರಗಳು, ಇವೆಲ್ಲ ಸೇರಿದ ‘ಚಾಸಿ’ಯನ್ನು ಮಾತ್ರ ಕಾರಿನ ಕಂಪನಿ ತಯಾರಿಸುತ್ತಿತ್ತು, ಕೊಂಡವರು ಅದನ್ನು ತಮಗೆ ಒಪ್ಪಿದ ಮತ್ತೊಂದು ಕಾರ್ಖಾನೆಗೆ ಕಳುಹಿಸಿ, ಆಸನ, ಬಾಗಿಲು, ಕಿಟಕಿ, ಛಾವಣಿಗಳಿರುವ ಮೈಕಟ್ಟನ್ನು ಕಟ್ಟಿಸಿಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ ಲಾರಿ ಕೊಳ್ಳುವವರು ಬರಿಯ ಚಾಸಿ ತಂದು ‘ಬಾಡಿ ಕಟ್ಟಿಸುವ’ ಪದ್ಧತಿ ಇಂದಿಗೂ ಇರುವುದರಿಂದ ಈ ವ್ಯವಸ್ಥೆ ಇಲ್ಲಿನ ಓದುಗರಿಗೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಬಾರ್ಕರ್, ಹೂಪರ್, ಮುಲಿನರ್, ಥ್ರಪ್ ಅಂಡ್ ಮೇಬರ್ಲಿ ಮೊದಲಾದ ಹೆಸರಾಂತ ಸಂಸ್ಥೆಗಳು ಈ ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ಹಲವು ಕುದುರೆಯ ಸಾರೋಟುಗಳನ್ನು ಕಟ್ಟಿ ಪಳಗಿ, ಆ ಮೇಲೆ ಮೋಟಾರಿನ ಕಡೆಗೆ ಬಂದಂಥವು. ರೋಲ್ಸ್ ರಾಯ್ಸ್ ಕಂಪನಿ ಎರಡನೆಯ ಮಹಾಯುದ್ಧದವರೆಗೂ ಚಾಸಿಯನ್ನಷ್ಟೇ ಮಾರುತ್ತಿತ್ತು.

ಈ ಎರಡು ಕಸುಬುಗಳ ನಡುವಿನ ಗೆರೆಯಲ್ಲಿಯೇ ತೊಡಕು ಇತ್ತು. ಎಂಜಿನ್ ಎಷ್ಟೇ ನಿಶ್ಶಬ್ದವಾಗಿದ್ದರೂ ಬಾಗಿಲು ಕಿರುಗುಟ್ಟಿದರೆ, ಗಾಜು ಗಡಗಡಿಸಿದರೆ, ಮಳೆನೀರು ಒಳಗೆ ಸೋರಿದರೆ ಕಾರಿನ ಯಜಮಾನ ದೂರುತ್ತಿದ್ದುದು ಚಾಸಿಯ ಮೇಲೆ ಹೆಸರಿದ್ದ ಕಂಪನಿಯನ್ನೇ. ಆದ್ದರಿಂದ ಚಾಸಿಯನ್ನು ಬರಿದಾಗಿ ಓಡಿಸಿ ನೋಡುವುದು ಸಾಲದೆ, ಮೈಕಟ್ಟು ಏರಿದ ಬಳಿಕ ಇಡೀ ಕಾರನ್ನು ಮತ್ತೆ ರಸ್ತೆಗೆ ಇಳಿಸಿ ಪರೀಕ್ಷಿಸುವ ಕ್ರಮ ಬೆಳೆಯಿತು. ರೋಲ್ಸ್ ರಾಯ್ಸ್‌ನ ‘ಸಿಲ್ವರ್ ಘೋಸ್ಟ್’ ಹೆಸರು ಮಾಡಿದ್ದು 1907ರ ದೂರ ಪರೀಕ್ಷೆಯಿಂದ. ಆ ಕಾರಿನ ಮೇಲಿದ್ದ ತೆರೆದ ಮೈಕಟ್ಟು ಬಾರ್ಕರ್ ಸಂಸ್ಥೆಯದು, ಅದು ಯಂತ್ರದೋಷಕ್ಕಾಗಿ ನಿಲ್ಲದೆ ಸತತವಾಗಿ ಓಡಿದ ದೂರ 14,371 ಮೈಲಿ. ಆ ಯಶಸ್ಸಿನ ಕೀರ್ತಿ ಎಂಜಿನ್‌ಗೆ ಸಂದಿತಾದರೂ, ಅಷ್ಟು ದೂರ ಕುಲುಕಿದ ಮೇಲೂ ಬಿಗಿಯಾಗಿ ಉಳಿದ ಮೈಕಟ್ಟಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಮರೆಯಲಾಗದು. ಬ್ರಿಟನ್ನಿನ ‘ಆಟೋಕಾರ್’ ವಾರಪತ್ರಿಕೆ 1928ರಲ್ಲಿ ಕ್ರಮಬದ್ಧವಾದ ರಸ್ತೆ ಪರೀಕ್ಷೆಯ ವರದಿಗಳನ್ನು ಆರಂಭಿಸಿದ ಮೇಲೆ, ವೇಗ, ಬ್ರೇಕುಗಳ ಜೊತೆಗೆ ಆಸನದ ಸುಖ, ಕಿಟಕಿಯ ನೋಟ, ಮೈಕಟ್ಟಿನ ಸದ್ದು ಇವೆಲ್ಲ ಸಾಮಾನ್ಯ ಓದುಗರೂ ಚರ್ಚಿಸುವ ವಿಷಯಗಳಾದವು.

ಭಾರತದ ಸಂಸ್ಥಾನಗಳು ಇಂಥ ಕಾರುಗಳ ದೊಡ್ಡ ಗಿರಾಕಿಗಳಾಗಿದ್ದವು. ಮೈಸೂರು ಅರಮನೆ ಒಮ್ಮೆಗೆ ಏಳೇಳು ಕಾರುಗಳನ್ನು ತರಿಸುತ್ತಿತ್ತೆಂದೂ, ಹಾಗೆ ಸಗಟಾಗಿ ಕೊಳ್ಳುವುದಕ್ಕೆ ಕಂಪನಿಯವರ ನಡುವೆ ಮೈಸೂರಿನ ಹೆಸರೇ ನಿಂತಿತೆಂದೂ ಹೇಳುವ ಮಾತು ಹಳೆಯ ಕಾರುಗಳ ಆಸಕ್ತರಲ್ಲಿ ಪ್ರಚಲಿತವಾಗಿದೆ. ಉದಕಮಂಡಲದ ಫರ್ನ್‌ಹಿಲ್ ಅರಮನೆ ಒಡೆಯರ ಬೇಸಿಗೆಯ ನಿವಾಸವಾಗಿದ್ದು, ಮೈಸೂರಿನಿಂದ ಅತ್ತ ಹೋಗುವ ದಾರಿ ಅಂದಿನಂತೆ ಇಂದೂ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ಸಾಗುತ್ತದೆ. ಕಪಿಲೆಗೆ ಅಡ್ಡಲಾಗಿ 1735ರಲ್ಲಿ ಕಟ್ಟಿದ ನಂಜನಗೂಡಿನ ದಳವಾಯಿ ಸೇತುವೆ, ಗುಂಡ್ಲುಪೇಟೆಯ ಏರಿಳಿತದ ಬಯಲು, ಬಂಡೀಪುರದ ಕಾಡು, ಕೊನೆಗೆ ನೀಲಗಿರಿಯ ಕಡಿದಾದ ತಿರುವುಗಳು, ಇವೆಲ್ಲ ಒಂದೇ ಪ್ರಯಾಣದಲ್ಲಿ ಎದುರಾಗುತ್ತಿದ್ದುದರಿಂದ, ಅರಮನೆಯ ಕಾರಿನ ಮೈಕಟ್ಟು ಇಂಗ್ಲೆಂಡಿನ ನುಣುಪಾದ ರಸ್ತೆಗಳಲ್ಲಿ ಎಂದೂ ಕಾಣದ ಪರೀಕ್ಷೆಗೆ ಪ್ರತಿ ಬೇಸಿಗೆಯಲ್ಲೂ ಒಳಗಾಗುತ್ತಿತ್ತು.

ಆ ಪರೀಕ್ಷೆ ಏಕೆ ಕಠಿಣವೆಂಬುದು ಮೈಕಟ್ಟಿನ ಒಳರಚನೆ ತಿಳಿದರೆ ಸ್ಪಷ್ಟವಾಗುತ್ತದೆ. ಹೊರಗೆ ಹೊಳೆಯುವ ಲೋಹದ ತಗಡಿನ ಹಿಂದೆ ಇರುವುದು ಮರದ ಹಂದರ. ಇಂಗ್ಲಿಷ್ ಕುಶಲಕರ್ಮಿಗಳು ಇದಕ್ಕೆ ಬಳಸುತ್ತಿದ್ದುದು ಮುಖ್ಯವಾಗಿ ‘ಆ್ಯಶ್’ ಎಂಬ ಮರ. ಅದು ಬಾಗಿದರೂ ಬೇಗ ಮುರಿಯದು, ಮೊಳೆ ಹಾಗೂ ತಿರುಪುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ತುಂಡಿನ ತುದಿಯನ್ನು ಸಣ್ಣದಾಗಿ ಕೆತ್ತಿ ಮತ್ತೊಂದರಲ್ಲಿ ತೋಡಿದ ಕುಳಿಗೆ ಕೂಡಿಸಿ, ಅಂಟು ಮತ್ತು ತಿರುಪುಗಳಿಂದ ಭದ್ರಪಡಿಸಿ, ಒತ್ತಡ ಹೆಚ್ಚಿರುವ ಬಾಗಿಲಿನ ಕಂಬಗಳ ಬುಡಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು, ಅದರ ಮೇಲೆ ಸುತ್ತಿಗೆಯಿಂದ ತಟ್ಟಿ ಆಕಾರ ತಂದ ಅಲ್ಯೂಮಿನಿಯಂ ತಗಡನ್ನು ಹೊದಿಸಿ ಅಂಚುಗಳಲ್ಲಿ ಸಣ್ಣ ಮೊಳೆ ಹೊಡೆಯುತ್ತಿದ್ದರು. ಹೀಗೆ ಒಂದು ಮೈಕಟ್ಟಿನಲ್ಲಿ ಮರದ ಕೂಟಗಳು ಅನೇಕ. ಅವುಗಳಲ್ಲಿ ಒಂದು ಸಡಿಲಗೊಂಡರೂ ಅದರ ಭಾರ ಪಕ್ಕದ್ದಕ್ಕೆ ವರ್ಗವಾಗಿ, ಕಾಲಕ್ರಮದಲ್ಲಿ ಆ ಬದಿಯೇ ಸಡಿಲವಾಗುತ್ತದೆ.

ಕೆಳಗಿನ ಚಾಸಿಯಾದರೂ ಅಲುಗದ ಅಡಿಪಾಯವಲ್ಲ. 1929ರಿಂದ 1930ರ ದಶಕದ ನಡುಭಾಗದವರೆಗೆ ತಯಾರಾದ ರೋಲ್ಸ್ ರಾಯ್ಸ್ ‘ಫ್ಯಾಂಟಮ್ 2’ರಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ ಮಾದರಿಗೆ ಅನುಗುಣವಾಗಿ 144 ಅಥವಾ 150 ಇಂಚು, ಅಂದರೆ ಹನ್ನೆರಡು ಅಡಿಗೆ ಕಡಿಮೆಯಿಲ್ಲ. ಇಷ್ಟು ಉದ್ದದ ಚೌಕಟ್ಟಿನ ಒಂದು ಮುಂಚಕ್ರ ಉಬ್ಬಿನ ಮೇಲೇರಿದಾಗ, ಏರುಪೇರಾದ ನೆಲದ ಮೇಲಿಟ್ಟ ಹಳೆಯ ಮಂಚ ತಿರುಚಿಕೊಳ್ಳುವ ಹಾಗೆ ಚೌಕಟ್ಟೂ ಮೂಲೆಯಿಂದ ಮೂಲೆಗೆ ತಿರುಚಿಕೊಳ್ಳುತ್ತದೆ. ಮೇಲಿನ ಮರದ ಹಂದರ ಅದರೊಂದಿಗೆ ಅಷ್ಟಿಷ್ಟು ಬಾಗಬೇಕು, ಆದರೆ ಬಾಗಿಲು ತೆರೆದುಕೊಳ್ಳಬಾರದು, ಗಾಜು ಒಡೆಯಬಾರದು, ಬಣ್ಣ ಬಿರಿಯಬಾರದು. ಈ ವಿರೋಧವನ್ನು ಪರಿಹರಿಸಲು ಕೆಲವರು ಮೈಕಟ್ಟನ್ನು ಚಾಸಿಗೆ ಎಲ್ಲೆಡೆ ಬಿಗಿಯದೆ ಕೆಲವೇ ಬಿಂದುಗಳಲ್ಲಿ ರಬ್ಬರಿನ ಮೇಲೆ ಕೂರಿಸಿದರು. 1920ರ ದಶಕದಲ್ಲಿ ಷಾರ್ಲ್ ವೇಮನ್ ಎಂಬ ವಿಮಾನ ತಯಾರಕ ಇನ್ನೂ ಮುಂದೆ ಹೋಗಿ, ಮರದ ತುಂಡುಗಳು ಒಂದಕ್ಕೊಂದು ತಾಗದಂತೆ ನಡುವೆ ಉಕ್ಕಿನ ಪಟ್ಟಿಗಳನ್ನಿಟ್ಟು ಜೋಡಿಸಿ, ಲೋಹದ ಬದಲು ಬಟ್ಟೆಯ ಹೊದಿಕೆ ಹಾಕುವ ವಿಧಾನ ತಂದನು. ಮರಕ್ಕೆ ಮರ ಉಜ್ಜದಿದ್ದರೆ ಕಿರುಗುಟ್ಟುವಿಕೆಯೇ ಇಲ್ಲವೆಂಬುದು ಅವನ ಸರಳವಾದ, ಆದರೆ ಬಹಳ ಸೂಕ್ಷ್ಮವಾದ ಆಲೋಚನೆ. ಬಟ್ಟೆಯ ಹೊದಿಕೆ ಬಿಸಿಲು ಮಳೆಗಳಿಗೆ ಬಹುಕಾಲ ತಾಳದಿದ್ದುದರಿಂದ ಆ ಪದ್ಧತಿ ಒಂದೆರಡು ದಶಕಗಳಲ್ಲಿಯೇ ಹಿಂದೆ ಸರಿಯಿತು.

ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಚಲನೆ ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಇಂಗ್ಲೆಂಡಿನ ತಂಪು ಹವೆಯಲ್ಲಿ ಕೂಡಿಸಿದ ಕೂಟ, ಮಳೆನೆರಳಿನಲ್ಲಿರುವ ಚಾಮರಾಜನಗರದ ಬಯಲಿನ ಮಾರ್ಚ್, ಏಪ್ರಿಲ್ ತಿಂಗಳ ಒಣಹವೆಯಲ್ಲಿ ಕುಗ್ಗಿ ಸಡಿಲವಾಗಿ, ಮಳೆಗಾಲದಲ್ಲಿ ಮತ್ತೆ ಉಬ್ಬಿ, ವರ್ಷವರ್ಷವೂ ಅಂಟಿನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಇದರ ಮೇಲೆ ಗೆದ್ದಲು, ಮರದ ಹುಳುಗಳ ಕಾಟವೂ ಸೇರುತ್ತದೆ; ಆ್ಯಶ್ ಮರಕ್ಕೆ ಅವುಗಳನ್ನು ಎದುರಿಸುವ ಶಕ್ತಿ ಕಡಿಮೆ. ಭಾರತದಲ್ಲಿಯೇ ಮೈಕಟ್ಟು ಕಟ್ಟುತ್ತಿದ್ದವರು, ಉದಾಹರಣೆಗೆ 1840ರಲ್ಲಿ ಸಾರೋಟಿನ ಕೆಲಸದಿಂದ ಆರಂಭವಾದ ಮದರಾಸಿನ ಸಿಂಪ್ಸನ್ ಸಂಸ್ಥೆಯಂಥವರು, ಈ ನಾಡಿನ ಹವೆಯನ್ನು ಬಲ್ಲವರಾಗಿದ್ದರು. ಎಣ್ಣೆಯ ಅಂಶವಿರುವ ತೇಗ ಇಲ್ಲಿನ ಬಿಸಿಲಿಗೂ ಗೆದ್ದಲಿಗೂ ಹೆಚ್ಚು ಬಾಳುವ ಮರವಾಗಿದ್ದು, ದುರಸ್ತಿಯ ವೇಳೆ ಹಲವು ಕಾರುಗಳಲ್ಲಿ ಆ್ಯಶ್ ಇದ್ದ ಜಾಗಕ್ಕೆ ಬಂದಿದೆ. ತೇಗ ಆ್ಯಶ್‌ನಷ್ಟು ಬಾಗದಿರುವುದರಿಂದ, ಎರಡೂ ಸೇರಿರುವ ಹಂದರದ ನಡವಳಿಕೆಯನ್ನು ನಿಂತಲ್ಲಿಯೇ ನೋಡಿ ಊಹಿಸುವುದು ಕಷ್ಟ. ಓಡದೆ ನಿಂತ ಕಾರು ಕೆಡುವುದಿಲ್ಲವೆಂಬ ನಂಬಿಕೆ ತಪ್ಪು. ಹೈದರಾಬಾದಿನ ನಿಜಾಮರಿಗಾಗಿ 1912ರಲ್ಲಿ ಬಾರ್ಕರ್ ಕಟ್ಟಿದ, ಹಿಂಭಾಗದಲ್ಲಿ ಸಿಂಹಾಸನದಂಥ ಪೀಠವಿರುವ ಹಳದಿ ಸಿಲ್ವರ್ ಘೋಸ್ಟ್ ಕಾರು ಓಡಿದ್ದು ಕೆಲವೇ ನೂರು ಮೈಲಿ. ಆದರೂ ಇಂದು ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿಡುವ ಮುನ್ನ ಅದಕ್ಕೆ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ಬೇಕಾಯಿತು. ಓಡಿದ ದೂರ ಎಂಜಿನ್ ಸವೆದದ್ದನ್ನು ಹೇಳಬಲ್ಲದೇ ಹೊರತು ಮರ ಕಂಡ ಬೇಸಿಗೆಗಳನ್ನು ಹೇಳಲಾರದು.

ಈ ಕಾರಣದಿಂದಲೇ ಮೈಕಟ್ಟಿನ ನಿಜಸ್ಥಿತಿ ತಿಳಿಯಬೇಕಾದರೆ ರಸ್ತೆ ಬೇಕು, ಅದರಲ್ಲಿಯೂ ಒಂದೇ ಬಗೆಯಲ್ಲದ ರಸ್ತೆ ಬೇಕು. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಈ ದೃಷ್ಟಿಯಿಂದ ಗಮನಾರ್ಹವಾದ ನೆಲೆ. ವಿಜಯನಗರದ ಕಾಲದಲ್ಲಿ ಪ್ರಬಲ ಪಾಳೆಯಪಟ್ಟಾಗಿದ್ದು, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿಯೇ ಇಲ್ಲಿನ ಗಂಗರಾಜನ ಮೇಲೆ ದಂಡೆತ್ತಿ ಬಂದದ್ದರಿಂದ ಇತಿಹಾಸದಲ್ಲಿ ಹೆಸರಾದ ಈ ಊರು ಇಂದು ಹೊಲಗಳ ನಡುವಿನ ಶಾಂತ ಗ್ರಾಮ. ಇಲ್ಲಿಂದ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಗೆ ಹೊರಟ ವಾಹನಕ್ಕೆ ಕಿರಿದಾದ ಡಾಂಬರು ರಸ್ತೆ, ಅದರ ಅಂಚು ಕಿತ್ತ ಕೆಂಪು ಮಣ್ಣು, ಊರೂರಿಗೂ ಹಾಕಿದ ಉಬ್ಬುಗಳು, ಕರಿಕಲ್ಲು ಹೊತ್ತ ಲಾರಿಗಳು ತುಳಿದು ಹಳ್ಳ ಬಿದ್ದ ಭಾಗಗಳು, ಆ ಮೇಲೆ ನುಣುಪಾದ ರಾಷ್ಟ್ರೀಯ ಹೆದ್ದಾರಿ, ಎಲ್ಲವೂ ಅಲ್ಪ ಅಂತರದಲ್ಲಿಯೇ ದೊರೆಯುತ್ತವೆ. ವಾಹನ ದಟ್ಟಣೆ ಕಡಿಮೆ ಇರುವುದರಿಂದ ನಿಧಾನವಾಗಿ ಓಡಿಸಲೂ, ಅನುಮಾನ ಬಂದಲ್ಲಿ ನಿಲ್ಲಿಸಿ ನೋಡಲೂ ಅವಕಾಶವಿದೆ. ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ರಾಗಿ, ಹುರುಳಿಯ ತೆನೆಗಳನ್ನು ವಾಹನಗಳು ತುಳಿದು ಹೋಗಲೆಂದು ರಸ್ತೆಯ ಮೇಲೆ ಹರಡುವ ರೂಢಿ ಇರುವುದರಿಂದ, ಆ ಕಾಲದಲ್ಲಿ ಹಳೆಯ ಕಾರನ್ನು ಇತ್ತ ತರದಿರುವುದು ಲೇಸು. ಒಣಹುಲ್ಲು ಕೆಳಗಿನ ಬಿಸಿ ಹೊಗೆಕೊಳವೆಗೆ ಸುತ್ತಿಕೊಂಡರೆ ಬೆಂಕಿಯ ಭಯ ಖಂಡಿತ ಇದೆ.

ಪರೀಕ್ಷೆ ಆರಂಭವಾಗುವುದು ರಸ್ತೆಯಲ್ಲಲ್ಲ, ಷೆಡ್ಡಿನಲ್ಲಿ. ಮೊದಲು ಜ್ಯಾಕ್, ಪಾನಾಗಳು, ಬೂದಿತಟ್ಟೆ, ಆಸನದ ಕೆಳಗಿನ ಸಾಮಾನು ಹೀಗೆ ಅಲುಗಾಡುವುದನ್ನೆಲ್ಲ ಹೊರತೆಗೆಯಬೇಕು; ಇಲ್ಲವಾದರೆ ಒಂದು ಪಾನಾದ ಸದ್ದನ್ನು ಬಾಗಿಲಿನ ಕಂಬದ ಸದ್ದೆಂದು ತಿಳಿದು ಒಳಗಿನ ಚರ್ಮದ ಹೊದಿಕೆಯನ್ನೇ ಬಿಚ್ಚುವ ಪ್ರಮಾದ ನಡೆಯಬಹುದು. ನಂತರ ಪ್ರತಿ ಬಾಗಿಲಿನ ಸುತ್ತಲಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಂಡು, ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ, ಎಲ್ಲ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಲಾಗುತ್ತದೆ. ಹಂದರ ಗಟ್ಟಿಯಾಗಿದ್ದರೆ ಬಾಗಿಲಿನ ಚಲನೆ ಹೆಚ್ಚು ಬದಲಾಗದು. ಮೇಲಿನ ಮೂಲೆ ಉಜ್ಜಿದರೆ ಅಥವಾ ಬೀಗದ ನಾಲಗೆ ತನ್ನ ಕಚ್ಚನ್ನು ತಪ್ಪಿದರೆ ಬಾಗಿಲಿನ ಕಂಬದ ಬುಡ ಸಡಿಲವಾಗಿದೆ ಎಂದರ್ಥ. ಬಾಗಿಲಿನ ಅಂಚಿಗೆ ತೆಳು ಕಾಗದವನ್ನಿಟ್ಟು ಮುಚ್ಚಿ ಎಳೆದರೆ, ಎಲ್ಲಿ ಅದು ತಡೆಯಿಲ್ಲದೆ ಜಾರಿ ಬರುವುದೋ ಅಲ್ಲಿಂದಲೇ ಮುಂದೆ ಗಾಳಿ, ಧೂಳು, ನೀರು ನುಗ್ಗುವುದು. ಬಣ್ಣವನ್ನೂ ಓದಬೇಕಾಗುತ್ತದೆ: ಬಾಗಿಲುಗಳ ಕೆಳಮೂಲೆಯಿಂದ ಓರೆಯಾಗಿ ಹೊರಟ ಕೂದಲೆಳೆಯ ಬಿರುಕು ಒಳಗಿನ ಮರ ಪ್ರತಿ ಉಬ್ಬಿಗೂ ಅಲುಗುತ್ತಿರುವುದನ್ನು ತೋರಿಸುತ್ತದೆ.

ರಸ್ತೆಗೆ ಇಳಿದ ಮೇಲೆ ಓಡಿಸುವವರೊಬ್ಬರು, ಆಲಿಸುವವರೊಬ್ಬರು ಬೇಕೇ ಬೇಕು. ಇಂಥ ಕಾರುಗಳನ್ನು ಕಟ್ಟಿದ್ದು ಹಿಂದಿನ ಆಸನದಲ್ಲಿ ಕುಳಿತವರಿಗಾಗಿ. ಆದ್ದರಿಂದ ತೀರ್ಪು ಹೇಳುವ ಕಿವಿಯೂ ಹಿಂದೆಯೇ ಕುಳಿತಿರಬೇಕು. ಮೊದಲ ಸುತ್ತನ್ನು ನುಣುಪಾದ ರಸ್ತೆಯಲ್ಲಿ, ಗಾಜುಗಳನ್ನು ಏರಿಸಿ, ಗಂಟೆಗೆ 30ರಿಂದ 50 ಕಿಲೋಮೀಟರ್ ವೇಗದಲ್ಲಿ ನಡೆಸಬಹುದು. ಇಲ್ಲಿ ಕೇಳುವ ಸದ್ದು ಎಂಜಿನ್‌ನಿಂದಲೋ ಚಕ್ರದಿಂದಲೋ ಎಂದು ತಿಳಿಯಲು ಸಮತಟ್ಟಾದ ಜಾಗದಲ್ಲಿ ಗೇರನ್ನು ತಪ್ಪಿಸಿ ಕಾರನ್ನು ತಾನೇ ಹರಿಯಲು ಬಿಡುತ್ತಾರೆ. ಎಂಜಿನ್ ನಿಧಾನಗೊಂಡೊಡನೆ ಸದ್ದು ನಿಂತರೆ ಮೂಲ ಮುಂದಿದೆ, ಉಳಿದರೆ ಕೆಳಗೋ ಮೈಕಟ್ಟಿನಲ್ಲೋ ಇದೆ. ಇಳಿಜಾರಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ರೋಲ್ಸ್ ರಾಯ್ಸ್‌ನಂಥ ಕಾರಿಗೂ ನಾಲ್ಕು ಚಕ್ರಗಳ ಬ್ರೇಕು ಬಂದದ್ದು 1920ರ ದಶಕದ ನಡುವಿನಲ್ಲಿ. ಅದಕ್ಕೂ ಹಿಂದಿನ ಭಾರವಾದ ಕಾರುಗಳು ಹಿಂಚಕ್ರದ ಬ್ರೇಕನ್ನಷ್ಟೇ ನಂಬಿ ನಿಲ್ಲಬೇಕು.

ಎರಡನೆಯ ಸುತ್ತು ಹಳ್ಳಿಯ ರಸ್ತೆಯದು, ಮತ್ತು ಅತ್ಯಂತ ಫಲಕಾರಿಯಾದದ್ದು ಇದೇ. ಗಂಟೆಗೆ 15 ಕಿಲೋಮೀಟರ್ ಮೀರದ ವೇಗದಲ್ಲಿ ಉಬ್ಬುಗಳನ್ನು ನೇರವಾಗಿ ದಾಟದೆ ಸ್ವಲ್ಪ ಓರೆಯಾಗಿ ದಾಟಿದರೆ ಚಕ್ರಗಳು ಒಂದೊಂದಾಗಿ ಏರಿಳಿದು ಚಾಸಿಯನ್ನು ತಿರುಚುತ್ತವೆ; ಆಗ ಮೈಕಟ್ಟು ಮಾತನಾಡತೊಡಗುತ್ತದೆ. ದೀರ್ಘವಾದ ಕಿರುಗುಟ್ಟುವಿಕೆ ಮರಕ್ಕೆ ಮರ ಉಜ್ಜುವುದರಿಂದ ಹುಟ್ಟಿದ್ದು, ಅದು ಸಡಿಲಗೊಂಡ ಕೂಟದ ಗುರುತು. ಒಂದೇ ಬಾರಿ ‘ಟಿಕ್’ ಎಂದು ನಿಲ್ಲುವ ಸದ್ದು ತನ್ನ ರಂಧ್ರದಲ್ಲಿ ಅಲುಗುವ ತಿರುಪಿನದು ಅಥವಾ ಮೊಳೆ ಬಿಟ್ಟ ತಗಡಿನದು. ಗಡಗಡಿಸುವುದು ಸಾಮಾನ್ಯವಾಗಿ ಗಾಜು. ಅದು ಜಾರುವ ತೋಡಿನ ಉಣ್ಣೆಪಟ್ಟಿ ಸವೆದಿರುತ್ತದೆ, ಅಂಗೈಯಿಂದ ಗಾಜನ್ನು ಒತ್ತಿದಾಗ ಸದ್ದು ನಿಂತರೆ ಅನುಮಾನ ಉಳಿಯದು. ಇವೆಲ್ಲಕ್ಕಿಂತ ಕಷ್ಟವಾದದ್ದು ಮುಚ್ಚಿದ ಕಾರಿನ ಒಳಗೆ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಏಳುವ, ಕಿವಿಯನ್ನು ಅಮುಕುವ ಗುಂಯ್‌ಗುಡುವಿಕೆ. ಎಂಜಿನ್‌ನ ಕಂಪನದ ಲಯ ಛಾವಣಿಯ ಅಥವಾ ಹಿಂದಿನ ಅಗಲ ತಗಡಿನ ಸಹಜ ಕಂಪನದ ಲಯಕ್ಕೆ ಹೊಂದಿದಾಗ ಅದು ಹುಟ್ಟುತ್ತದೆ. ಯಾವ ವೇಗದಲ್ಲಿ ಆರಂಭವಾಯಿತು, ಯಾವುದರಲ್ಲಿ ಅಡಗಿತು, ಗಾಜು ಇಳಿಸಿದರೆ ಕಡಿಮೆಯಾಯಿತೇ ಎಂಬುದನ್ನು ಆಲಿಸುವವರು ಆಗಿಂದಾಗಲೇ ಬರೆದುಕೊಳ್ಳದಿದ್ದರೆ ಮರಳಿ ಬಂದ ಮೇಲೆ ನೆನಪು ಕೈಕೊಡುತ್ತದೆ.

ಮಣ್ಣಿನ ದಾರಿ ಇನ್ನೊಂದು ಉಪಕಾರ ಮಾಡುತ್ತದೆ. ಗಾಜುಗಳನ್ನೆಲ್ಲ ಮುಚ್ಚಿ ಸ್ವಲ್ಪ ದೂರ ಕೆಂಧೂಳಿನಲ್ಲಿ ಸಾಗಿ, ನಿಲ್ಲಿಸಿ, ಬಾಗಿಲಿನ ಒಳಅಂಚುಗಳನ್ನೂ ನೆಲಹಾಸಿನ ಕೆಳಗಿನ ಹಲಗೆಯ ಸಂದುಗಳನ್ನೂ ನೋಡಿದರೆ, ಧೂಳು ತಾನು ಬಂದ ದಾರಿಯನ್ನು ಕೆಂಪು ಗೆರೆಯಾಗಿ ಬರೆದಿಟ್ಟಿರುತ್ತದೆ. ಧೂಳು ಹೊಕ್ಕ ಕಡೆ ಮಳೆಗಾಲದಲ್ಲಿ ನೀರೂ ಹೊಗುತ್ತದೆ. ನೀರು ನಿಂತ ಕಡೆ ಮರ ಕೊಳೆಯುವುದಲ್ಲದೆ, ಉಕ್ಕಿನ ಮೊಳೆಗೂ ಅಲ್ಯೂಮಿನಿಯಂ ತಗಡಿಗೂ ನಡುವೆ ರಾಸಾಯನಿಕ ಕ್ರಿಯೆ ನಡೆದು ತಗಡು ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ನೀರಿನ ಪೈಪು ಹಿಡಿದು ನಡೆಸುವ ಸೋರಿಕೆಯ ಪರೀಕ್ಷೆಗಿಂತ ಧೂಳಿನ ಪರೀಕ್ಷೆ ಈ ಕಾರಣಕ್ಕೆ ಮೇಲು: ಅದು ಮರಕ್ಕೆ ಹಾನಿ ಮಾಡದೆಯೇ ಸೋರುವ ಜಾಗವನ್ನು ತೋರಿಸುತ್ತದೆ.

ಘಟ್ಟದ ತಿರುವುಗಳಲ್ಲಿ ಎತ್ತರದ ಮೈಕಟ್ಟು ಪಕ್ಕಕ್ಕೆ ವಾಲಿ ಛಾವಣಿಯ ಕೂಟಗಳಿಗೆ ಬೇರೆ ಬಗೆಯ ಒತ್ತಡ ಬೀಳುವುದು ನಿಜವಾದರೂ, ಚಾಮರಾಜನಗರ ಜಿಲ್ಲೆಯ ಹಲವು ಘಟ್ಟದ ದಾರಿಗಳು ಹುಲಿ ಮೀಸಲು ಪ್ರದೇಶಗಳ ಮೂಲಕ ಹಾಯುವುದನ್ನು ಮರೆಯಬಾರದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಹಗಲಿನಲ್ಲಿಯೂ ಕಾಡಿನ ನಡುವೆ ವಾಹನ ನಿಲ್ಲಿಸುವಂತಿಲ್ಲ. ನಿಲ್ಲಿಸಿ ನೋಡುವುದೇ ಮುಖ್ಯವಾದ ಈ ಕೆಲಸಕ್ಕೆ ಕಾಡು ತಕ್ಕ ಜಾಗವಲ್ಲ. ಒಂದು ಕಾಲದಲ್ಲಿ ಅರಮನೆಗಳ ಬೇಟೆಯ ಕಾರುಗಳು ಇಂಥ ಕಾಡುಗಳ ಒಳಗೆ ಓಡಾಡಿದ್ದುಂಟು. ಇಂದು ಆ ನೆಲದ ಮೇಲಿನ ಹಕ್ಕು ಪ್ರಾಣಿಗಳದ್ದೆಂದು ಒಪ್ಪಿ, ಪರೀಕ್ಷೆಯನ್ನು ಬಯಲಿನಲ್ಲಿಯೇ ಮುಗಿಸುವುದು ಸರಿಯಾದ ನಡೆ.

ಕಾನೂನು ಕೂಡ ಮೈಕಟ್ಟಿನ ಬಗ್ಗೆ ಮೌನವಾಗಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈಕಟ್ಟು ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರದ ಖಾಸಗಿ ವಾಹನ ‘ವಿಂಟೇಜ್’ ಎನಿಸಿಕೊಳ್ಳುತ್ತದೆ. ಅದರ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಅಥವಾ ವಾಣಿಜ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ, ದುರಸ್ತಿ ಮೊದಲಾದ ಉದ್ದೇಶಗಳಿಗಷ್ಟೇ ರಸ್ತೆಗೆ ತರಬಹುದು. ಮೂಲ ಮೈಕಟ್ಟು ಉಳಿದಿರುವುದು ಹೀಗೆ ಅಭಿರುಚಿಯ ಪ್ರಶ್ನೆಯಾಗಿರುವಂತೆ ಕಾರಿನ ಗುರುತಿನ ಪ್ರಶ್ನೆಯೂ ಆಗಿದೆ.

ಆದ್ದರಿಂದ ಪರೀಕ್ಷೆಯಲ್ಲಿ ಕಂಡ ದೋಷಗಳನ್ನು ತಿದ್ದುವಾಗ ಸಂಯಮ ಬೇಕು. ಟಿಂಕರಿಂಗ್ ಕೆಲಸದವರು ಮಾಡುವ ಸಾಮಾನ್ಯ ತಪ್ಪೆಂದರೆ ಸಡಿಲಾದ ಕಡೆ ಕಬ್ಬಿಣದ ಕೋನಪಟ್ಟಿ ಬೆಸೆದು, ಬಿರುಕಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆಯುವುದು. ಆ ಜಾಗ ಗಟ್ಟಿಯಾಯಿತೆಂಬುದು ನಿಜ; ಆದರೆ ಅಲ್ಲಿ ಬಾಗಬೇಕಾಗಿದ್ದ ಹಂದರ ಈಗ ಅದರ ಪಕ್ಕದ ಕೂಟದಲ್ಲಿ ಬಾಗಿ, ಒಂದೆರಡು ವರ್ಷಗಳಲ್ಲಿ ಅಲ್ಲಿಯೂ ಬಿರುಕು ಕಾಣಿಸಿಕೊಳ್ಳುತ್ತದೆ. ಕೊಳೆತ ತುಂಡನ್ನಷ್ಟೇ ತೆಗೆದು ಅದೇ ಬಗೆಯ, ಚೆನ್ನಾಗಿ ಒಣಗಿಸಿದ ಮರದಿಂದ ಅದೇ ಆಕಾರದ ತುಂಡನ್ನು ಕೂಡಿಸುವುದು, ಉಜ್ಜುವ ಮೈಗಳ ನಡುವೆ ಚರ್ಮದ ಅಥವಾ ಉಣ್ಣೆಯ ಪಟ್ಟಿ ಇಡುವುದು, ಗುಂಯ್‌ಗುಡುವ ತಗಡಿನ ಒಳಮೈಗೆ ಉಣ್ಣೆಹಾಸು ಅಂಟಿಸುವುದು, ಇವು ನಿಧಾನವಾದ, ಆದರೆ ಮೂಲ ಕಸುಬಿಗೆ ಒಪ್ಪುವ ಪರಿಹಾರಗಳು. ಬೀಟೆ ಮರದಲ್ಲಿ ಕೂದಲು ತೂರದಂಥ ಕೂಡಿಕೆಯ ಕೆತ್ತನೆ ಮಾಡುವ ಕುಶಲಿಗಳು ಮೈಸೂರಿನಲ್ಲಿ ಇಂದಿಗೂ ಇದ್ದಾರೆ. ಹಳೆಯ ಕಾರುಗಳ ದುರಸ್ತಿಗೆ ಗ್ಯಾರೇಜುಗಳನ್ನಷ್ಟೇ ಹುಡುಕುವವರು ಇಂಥ ಬಡಗಿಗಳ ಕಡೆಗೂ ತಿರುಗಿದರೆ ಎರಡು ಕಸುಬುಗಳಿಗೂ ಒಳಿತು.

ದುರಸ್ತಿಯಾದ ಕಾರನ್ನು ಮೊದಲಿನ ದಾರಿಯಲ್ಲಿಯೇ, ಅದೇ ವೇಗದಲ್ಲಿ, ಸಾಧ್ಯವಾದರೆ ಅದೇ ಆಲಿಸುವವರೊಂದಿಗೆ ಮತ್ತೆ ಓಡಿಸಬೇಕು. ದಾರಿ ಬದಲಾದರೆ ಎರಡು ಪರೀಕ್ಷೆಗಳನ್ನು ಹೋಲಿಸಲಾಗದು. ಮರಳಿ ಬಂದು ಕಾರು ತಣ್ಣಗಾದ ಮೇಲೆ ಮೈಕಟ್ಟನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಬಿಗಿಯನ್ನು ನೋಡಿ, ಬಾಗಿಲುಗಳ ಸಂದುಗಳನ್ನು ಪುನಃ ಅಳೆದು ಹಿಂದಿನ ಅಳತೆಯ ಪಕ್ಕದಲ್ಲಿಯೇ ಬರೆದಿಡಲಾಗುತ್ತದೆ. ಇದನ್ನು ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಮಾಡಿ ದಾಖಲೆ ಇಟ್ಟರೆ, ಯಾವ ಅಂತರ ಮರದ ಸಹಜ ಹಿಗ್ಗುಕುಗ್ಗಿನಿಂದ ಬಂದದ್ದು, ಯಾವುದು ಕೂಟ ಸಡಿಲಗೊಂಡದ್ದರಿಂದ ಬಂದದ್ದು ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಗುತ್ತದೆ.